ಥ್ರಿಲ್ಲರ್ ಸಿನಿಮಾದ ಪಾತ್ರ, ಕ್ಯಾಮೆರಾ, ಜಾಗ: ದುರ್ಗ-ದಾವಣಗೆರೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗದ ಕಡೆ ಶಾರ್ಟ್ ಫಿಲ್ಮ್ ಮಾಡುವ ಹುಡುಗ ಹುಡುಗಿಯರು, ಸುಮ್ನೆ ಸಿನಿಮಾ ಹುಚ್ಚು ಹಿಡಿಸಿಕೊಂಡವರು, ಒಂದಿಬ್ಬರು ಮೇಷ್ಟ್ರುಗಳು ಮಾತಿಗೆ ಸಿಕ್ಕಾಗ, ಪತ್ರ ಬರೆದಾಗ, ಕಾಮೆಂಟ್ ಹಾಕಿದಾಗ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ಒಂದೆರಡು ಹಳೆಯ ಸಿನಿಮಾಗಳ ಗುಟ್ಟು ಉತ್ತರಗಳಲ್ಲಿ ಹೊರಬಿದ್ದಿದೆ. 60 ವರ್ಷ ದಾಟಿದ ಸಿನಿಮಾಗಳವು, ಬೈಯಬೇಡಿ.

## ಶುರುವಿನ ಪ್ರಶ್ನೆಗಳು

ಸಸ್ಪೆನ್ಸ್, ಥ್ರಿಲ್ಲರ್, ಹಾರರ್, ಪತ್ತೇದಾರಿ ಎಲ್ಲಾ ಒಂದೇ ಅಲ್ವಾ ಸರ್? ಪೋಸ್ಟರಲ್ಲಿ ನಾಲ್ಕೂ ಹಾಕಿರ್ತಾರೆ.

ಪೋಸ್ಟರ್ ಮಾಡುವವರಿಗೆ ಟಿಕೆಟ್ ಹೋಗಬೇಕು, ಅವರನ್ನು ಬಿಡಿ. ನೋಡುವಾಗ ನಿಮ್ಮ ತಲೆಯಲ್ಲಿ ಏನು ಓಡುತ್ತಿದೆ ಅನ್ನುವುದನ್ನು ಗಮನಿಸಿ, ವ್ಯತ್ಯಾಸ ತಾನಾಗೇ ಗೊತ್ತಾಗುತ್ತದೆ. ಪತ್ತೇದಾರಿಯಲ್ಲಿ ಆಗಿಹೋದದ್ದರ ಚಿಂತೆ: ಕೊಂದವರು ಯಾರು, ಯಾಕೆ. ಥ್ರಿಲ್ಲರಿನಲ್ಲಿ ಮುಂದೆ ಆಗುವುದರ ಚಿಂತೆ: ಇವಳು ತಪ್ಪಿಸಿಕೊಳ್ಳುತ್ತಾಳಾ, ಅವನು ಸಿಕ್ಕಿಬೀಳುತ್ತಾನಾ. ಹಾರರಿನಲ್ಲಿ ಎದುರಿಗೆ ನಿಂತಿರುವುದೇ ಭಯ. ನಮ್ಮ ಎಷ್ಟೋ ಸಿನಿಮಾಗಳು ಇಂಟರ್ವಲ್ ತನಕ ಪತ್ತೇದಾರಿ, ಆಮೇಲೆ ಥ್ರಿಲ್ಲರ್. ಅದರಲ್ಲಿ ತಪ್ಪೇನಿಲ್ಲ.

ಸಸ್ಪೆನ್ಸ್ ಅನ್ನುವುದು ಒಂದು ಜಾತಿಯ ಸಿನಿಮಾ ಅಲ್ಲ, ಒಂದು ಉಪಾಯ. ಲವ್ ಸ್ಟೋರಿಯಲ್ಲೂ ಇರಬಹುದು. ಅದು ನಿಂತಿರುವುದು ಒಂದೇ ಲೆಕ್ಕದ ಮೇಲೆ: ಈ ಹೊತ್ತಿಗೆ ಯಾರಿಗೆ ಎಷ್ಟು ಗೊತ್ತು. ಪಾತ್ರಕ್ಕೆ ಗೊತ್ತಿರುವುದು, ಎದುರಾಳಿಗೆ ಗೊತ್ತಿರುವುದು, ನೋಡುವ ನಮಗೆ ಗೊತ್ತಿರುವುದು. ಕೆಳಗಿನ ಉತ್ತರಗಳಲ್ಲಿ ಪಾತ್ರ ಅಂದಾಗಲೂ ಕ್ಯಾಮೆರಾ ಅಂದಾಗಲೂ ಜಾಗ ಅಂದಾಗಲೂ ನಾನು ಈ ಲೆಕ್ಕದ ಬಗ್ಗೆಯೇ ಮಾತಾಡುತ್ತಿರುತ್ತೇನೆ.

ಟೇಬಲ್ ಕೆಳಗೆ ಬಾಂಬ್ ಅಂತ ಎಲ್ಲಾ ಕಡೆ ಹೇಳ್ತಾರಲ್ಲ, ಅದೇನ್ರೀ?

ಥ್ರಿಲ್ಲರ್‌ಗಳಿಗೆ ಹೆಸರಾದ ಹಾಲಿವುಡ್ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಕೊಟ್ಟ ಉದಾಹರಣೆ ಅದು. ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರೂಫೋ 1962ರಲ್ಲಿ ಅವರ ಜೊತೆ ದಿನಗಟ್ಟಲೆ ಕೂತು ಮಾತಾಡಿದ್ದರು. ಆ ಮಾತುಕತೆಯಲ್ಲಿ ಇದು ಬರುತ್ತದೆ. ಇಬ್ಬರು ಟೇಬಲ್ ಮುಂದೆ ಕೂತು ಹರಟೆ ಹೊಡೆಯುತ್ತಿದ್ದಾರೆ, ಇದ್ದಕ್ಕಿದ್ದಂತೆ ಬಾಂಬ್ ಸಿಡಿಯುತ್ತದೆ. ನಾವು ಬೆಚ್ಚಿಬೀಳುತ್ತೇವೆ, ಅಷ್ಟೇ, ಕೆಲವು ಸೆಕೆಂಡಿನ ಕಥೆ. ಅದೇ ಬಾಂಬನ್ನು ನಮಗೆ ಮೊದಲೇ ತೋರಿಸಿ, ಎಷ್ಟು ಹೊತ್ತಿಗೆ ಸಿಡಿಯುತ್ತದೆ ಅಂತಲೂ ಹೇಳಿಬಿಟ್ಟರೆ, ಅದೇ ಸಪ್ಪೆ ಹರಟೆಯನ್ನು ನಾವು ಉಸಿರು ಬಿಗಿಹಿಡಿದು ಕೇಳುತ್ತೇವೆ.

ಇದಕ್ಕೆ ಹಾಲಿವುಡ್ ತನಕ ಹೋಗಬೇಕಾಗಿಲ್ಲ. ಓಬವ್ವನ ಕಥೆ ತಗೊಳ್ಳಿ. ಕಾವಲಿನ ಗಂಡ ಊಟಕ್ಕೆ ಕೂತಿದ್ದಾನೆ. ಅವಳು ನೀರು ತರಲು ಹೋದಾಗ ಬಂಡೆಯ ಕಿಂಡಿಯ ಹತ್ತಿರ ಸದ್ದು ಕೇಳಿಸುತ್ತದೆ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳುತ್ತಿದ್ದಾರೆ. ಅವಳಿಗೆ ಗೊತ್ತು, ಗಂಡನಿಗೆ ಗೊತ್ತಿಲ್ಲ. ನಮಗೆ ಗೊತ್ತು, ಕಿಂಡಿಯೊಳಗೆ ತೆವಳುತ್ತಿರುವ ಸೈನಿಕನಿಗೆ ಆಚೆ ಒನಕೆ ಕಾದಿದೆ ಅಂತ ಗೊತ್ತಿಲ್ಲ. ಒಬ್ಬ ಮಾತ್ರ ತೂರುವಷ್ಟು ಸಣ್ಣ ದಾರಿ, ಈ ಕಡೆ ಒಬ್ಬಳೇ ಹೆಂಗಸು, ಆ ಕಡೆ ಸಾಲುಗಟ್ಟಿ ನಿಂತ ಸೈನ್ಯ. ಪಾತ್ರ, ಜಾಗ, ಗೊತ್ತು-ಗೊತ್ತಿಲ್ಲದ ಆಟ ಮೂರೂ ಇದರಲ್ಲಿ ಕೂತಿವೆ. 1972ರ ನಾಗರಹಾವಿನಲ್ಲಿ ಜಯಂತಿ ಓಬವ್ವನಾಗಿ ಬರುವ ಭಾಗವನ್ನು ಈ ಕಣ್ಣಿನಿಂದ ಇನ್ನೊಮ್ಮೆ ನೋಡಿ. ಆ ಸಿನಿಮಾ ಥ್ರಿಲ್ಲರ್ ಅಲ್ಲ, ಆದರೆ ಆ ಭಾಗ ಪಕ್ಕಾ ಥ್ರಿಲ್ಲರ್.

ಕಥೆ ಗೊತ್ತಿದ್ರೂ ಎರಡನೇ ಸಲ ನೋಡುವಾಗ ಯಾಕೆ ಎದೆ ಢವಢವ ಅನ್ನುತ್ತೆ?

ಪಾತ್ರಕ್ಕೆ ಇನ್ನೂ ಗೊತ್ತಿಲ್ಲವಲ್ಲ, ಅದಕ್ಕೆ. ನೀವು ಹೆದರುವುದು ಮುಂದೇನಾಗುತ್ತದೋ ಅಂತ ಮಾತ್ರವಲ್ಲ, ಆ ಬಾಗಿಲ ಕಡೆ ನಡೆದು ಹೋಗುತ್ತಿರುವವಳ ಪರವಾಗಿಯೂ ಹೆದರುತ್ತೀರಿ. ಬರೀ ಟ್ವಿಸ್ಟ್ ನಂಬಿಕೊಂಡ ಸಿನಿಮಾ ಎರಡನೇ ಸಲಕ್ಕೆ ಸಪ್ಪೆ ಆಗುವುದು ಇದೇ ಕಾರಣಕ್ಕೆ. ಅದರಲ್ಲಿ ಪರವಾಗಿ ಹೆದರಲು ಯಾರೂ ಇರುವುದಿಲ್ಲ.

## ಪಾತ್ರಗಳ ಬಗ್ಗೆ

ಥ್ರಿಲ್ಲರ್ ಹೀರೋಗೆ ಯಾವಾಗ್ಲೂ ಕಾಲು ಮುರಿದಿರುತ್ತೆ, ಕಣ್ಣು ಕಾಣಲ್ಲ, ಇಲ್ಲಾ ಕುಡುಕ. ಯಾಕಣ್ಣ ಹೀಗೆ?

ಕೈಕಾಲು ಗಟ್ಟಿ ಇದ್ದವನು ಎದ್ದು ಹೋಗಿ ಬಾಗಿಲು ತೆಗೆದು ನೋಡಿಬಿಡುತ್ತಾನೆ, ಸಿನಿಮಾ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಕೊರತೆ ಇರುವುದು ಅನುಕಂಪ ಗಿಟ್ಟಿಸಲು ಅಲ್ಲ, ಗೊತ್ತಾಗುವ ದಾರಿಯೊಂದನ್ನು ಮುಚ್ಚಲು. 1954ರ ರಿಯರ್ ವಿಂಡೋದಲ್ಲಿ ಫೋಟೋಗ್ರಾಫರಿನ ಕಾಲಿಗೆ ಪ್ಲಾಸ್ಟರ್ ಹಾಕಿದ್ದಾರೆ. ಎದುರು ಮನೆಯಲ್ಲಿ ನಡೆಯುವುದೆಲ್ಲ ಅವನಿಗೆ ಕಾಣುತ್ತದೆ, ಹೋಗಿ ತಡೆಯಲು ಆಗುವುದಿಲ್ಲ. ಅಂದರೆ ಸೀಟಿನಲ್ಲಿ ಕೂತ ನಮ್ಮದೇ ಸ್ಥಿತಿ.

1967ರ ವೇಟ್ ಅಂಟಿಲ್ ಡಾರ್ಕ್ ಇನ್ನೂ ಜಾಣತನ ಮಾಡಿದೆ. ಕಣ್ಣು ಕಾಣದ ಹೆಂಗಸಿನ ಮನೆಗೆ ಕೇಡಿಗಳು ಬಂದಿದ್ದಾರೆ. ಕೊನೆಗೆ ಅವಳು ಮನೆಯ ಬಲ್ಬುಗಳನ್ನು ಒಡೆದುಹಾಕುತ್ತಾಳೆ. ಕತ್ತಲಾದ ಮೇಲೆ ಕುರುಡಾದವರು ಯಾರು? ಕೊರತೆಯನ್ನೇ ತಿರುಗಿಸಿ ಆಯುಧ ಮಾಡಿದ್ದು ಅದು.

ಕೊರತೆ ಮೈಯಲ್ಲೇ ಇರಬೇಕಂತಲೂ ಇಲ್ಲ. 2019ರ ಕವಲುದಾರಿಯ ನಾಯಕ ಟ್ರಾಫಿಕ್ ಪೊಲೀಸ್. ಯೂನಿಫಾರ್ಮ್ ಇದೆ, ಆದರೆ ಕೊಲೆ ತನಿಖೆ ಅವನ ಕೆಲಸ ಅಲ್ಲ. ಆಫೀಸಿನಲ್ಲಿ ಕೆಲಸ ಮಾಡಿದವರಿಗೆ ಈ ನೋವು ಚೆನ್ನಾಗಿ ಗೊತ್ತಿರುತ್ತದೆ. ನಿಮ್ಮ ಕಥೆಯ ನಾಯಕ ಹೊಂಡದ ಸರ್ಕಲ್ಲಿನ ಎಳನೀರು ಮಾರುವವನಾದರೆ ಅವನಿಗೆ ಇರುವ ತಡೆ ಏನು ಅಂತ ಯೋಚಿಸಿ: ಅಂಗಡಿ ಬಿಟ್ಟು ಏಳುವ ಹಾಗಿಲ್ಲ, ಅವನ ಮಾತನ್ನು ಸ್ಟೇಷನ್ನಿನಲ್ಲಿ ಯಾರೂ ಬರೆದುಕೊಳ್ಳುವುದಿಲ್ಲ. ಕಾಲು ಮುರಿಯುವುದಕ್ಕಿಂತ ದೊಡ್ಡ ತಡೆ ಅದು.

ಕೊಲೆ ಮಾಡಿದವರು ಯಾರು ಅಂತ ಮೊದಲೇ ತೋರಿಸಿಬಿಟ್ರೆ ಮಜಾ ಎಲ್ಲಿಂದ ಬರುತ್ತೆ?

ದೃಶ್ಯ ನೋಡಿದ್ದೀರಲ್ಲ? 2013ರಲ್ಲಿ ಮಲಯಾಳದಲ್ಲಿ ಬಂತು, 2014ರಲ್ಲಿ ರವಿಚಂದ್ರನ್ ಕನ್ನಡದಲ್ಲಿ ಮಾಡಿದರು. ಆ ಮನೆಯಲ್ಲಿ ಏನಾಯಿತು ಅಂತ ನಮ್ಮ ಕಣ್ಣೆದುರೇ ತೋರಿಸುತ್ತಾರೆ. ಆಮೇಲೆ ನಾವು ಆ ಮನೆಯ ಐದನೇ ಆಳಾಗಿ ಸುಳ್ಳು ಕಾಪಾಡುತ್ತಾ ಕೂರುತ್ತೇವೆ. ಚಿಕ್ಕ ಮಗಳು ಬಾಯಿ ಬಿಡುತ್ತಾಳಾ ಅಂತ ನಮಗೇ ಬೆವರು. ಯಾರು ಅನ್ನುವ ಪ್ರಶ್ನೆ ಬಿಟ್ಟುಕೊಟ್ಟು ಸಿಕ್ಕಿಬೀಳುತ್ತಾರಾ ಅನ್ನುವ ಪ್ರಶ್ನೆ ಕೊಂಡರು, ಲಾಭದ ವ್ಯಾಪಾರ.

ಯಾರು ಅಂತ ಮುಚ್ಚಿಟ್ಟರೆ ಎರಡೂವರೆ ಗಂಟೆ ಎಲ್ಲರ ಮೇಲೂ ಅನುಮಾನ ಹುಟ್ಟಿಸುತ್ತಾ ಹೋಗಬೇಕು. ಆಗ ಯಾವ ಪಾತ್ರವೂ ನಮಗೆ ಹತ್ತಿರವಾಗುವುದಿಲ್ಲ. ಹೊಸಬರಿಗೆ ನಾನು ಹೇಳುವುದು: ಮೊದಲ ಶಾರ್ಟ್ ಫಿಲ್ಮಿನಲ್ಲಿ ಕೊಲೆಗಾರನನ್ನು ಬಚ್ಚಿಡಬೇಡಿ.

ಸ್ಟಾರ್ ಹೀರೋ ಇದ್ರೆ ಭಯಾನೇ ಆಗಲ್ಲ, ಹೇಗಿದ್ರೂ ಅವನಿಗೇನೂ ಆಗಲ್ಲ ಅಂತ ಗೊತ್ತಿರುತ್ತೆ. ಇದಕ್ಕೆ ಪರಿಹಾರ?

ಸರಿಯಾಗಿ ಹಿಡಿದಿರಿ. ಟಿಕೆಟ್ ಕೊಳ್ಳುವಾಗಲೇ ಒಂದು ಗುಟ್ಟು ನಮ್ಮ ಕೈಗೆ ಬಂದುಬಿಟ್ಟಿರುತ್ತದೆ. ಹಿಚ್‌ಕಾಕ್ 1960ರ ಸೈಕೋದಲ್ಲಿ ಆ ನಂಬಿಕೆಗೇ ಕೈ ಹಾಕಿದರು. ಜಾನೆಟ್ ಲೀ ಆಗ ದೊಡ್ಡ ಹೆಸರು. ಕದ್ದ ದುಡ್ಡಿನ ಜೊತೆ ಅವಳ ಹಿಂದೆ ಹಿಂದೆ ಹೋಗುತ್ತೇವೆ, ಅರ್ಧ ಸಿನಿಮಾ ಆಗುವ ಮೊದಲೇ ಅವಳು ಇಲ್ಲ. ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದು ಅಂತ ಥಿಯೇಟರುಗಳಿಗೆ ತಾಕೀತು ಮಾಡಿದ್ದರು. ತಡವಾಗಿ ಬಂದವನು ಜಾನೆಟ್ ಲೀ ಎಲ್ಲಿ ಅಂತ ಕಾಯುತ್ತಾ ಕೂರುತ್ತಾನಲ್ಲ!

ನಮ್ಮಲ್ಲಿ ಹೀಗೆ ಮಾಡಿದರೆ ಥಿಯೇಟರಿನ ಕುರ್ಚಿ ಉಳಿಯುವುದು ಕಷ್ಟ. ಇನ್ನೊಂದು ದಾರಿ ಇದೆ. ಸ್ಟಾರಿನ ಪ್ರಾಣವನ್ನು ಪಣಕ್ಕೆ ಇಡಬೇಡಿ, ಬೇರೆ ಏನನ್ನಾದರೂ ಇಡಿ: ಮಗಳು ಅವನನ್ನು ನಂಬುವುದು, ಅವನ ಮರ್ಯಾದೆ, ಒಂದು ಹಳೆಯ ಸುಳ್ಳು. ಅವನು ಸಾಯುವುದಿಲ್ಲ ಅಂತ ಗೊತ್ತಿದ್ದರೂ ಇವು ಉಳಿಯುತ್ತವೆ ಅನ್ನುವ ಗ್ಯಾರಂಟಿ ಯಾರಿಗೂ ಇರುವುದಿಲ್ಲ.

ಪೊಲೀಸರನ್ನ ಯಾಕೆ ದಡ್ಡರ ಥರ ತೋರಿಸ್ತಾರೆ?

ಬರೆಯುವವರ ಸೋಮಾರಿತನ. ಎದುರಾಳಿ ಎಷ್ಟು ಚುರುಕೋ ಭಯ ಅಷ್ಟು ಜಾಸ್ತಿ. ಪೊಲೀಸ್ ಅಧಿಕಾರಿ ಸರಿಯಾದ ಪ್ರಶ್ನೆ ಕೇಳಿ, ಉತ್ತರದ ಹತ್ತಿರಕ್ಕೇ ಬಂದು, ಒಂದು ಸಣ್ಣ ಕಾರಣಕ್ಕೆ ಅದನ್ನು ಕಳೆದುಕೊಳ್ಳಬೇಕು.

## ಕ್ಯಾಮೆರಾ ಬಗ್ಗೆ

ಕ್ಯಾಮೆರಾ ವರ್ಕ್ ಚೆನ್ನಾಗಿದೆ ಅಂತಾರೆ. ನನಗೆ ಡ್ರೋನ್ ಶಾಟ್ ಬಿಟ್ರೆ ಏನೂ ಗೊತ್ತಾಗಲ್ಲ. ಎಲ್ಲಿ ನೋಡ್ಬೇಕು?

ಮೂರು ಪ್ರಶ್ನೆ ಕೇಳಿಕೊಳ್ಳಿ. ಈಗ ಕಾಣುತ್ತಿರುವುದು ಯಾರ ಕಣ್ಣಿಗೆ? ಚೌಕಟ್ಟಿನಲ್ಲಿ ಖಾಲಿ ಬಿಟ್ಟಿರುವ ಜಾಗ ಯಾವುದು? ತೋರಿಸದೆ ಇರುವುದು ಏನು?

ಮೊದಲನೆಯದಕ್ಕೆ 1991ರ ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್ ಒಳ್ಳೆಯ ಪಾಠ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಯ ಟ್ರೈನಿಂಗ್‌ನಲ್ಲಿರುವ ಹುಡುಗಿಯ ಜೊತೆ ಮಾತಾಡುವ ಗಂಡಸರು ಬಹಳ ಸಲ ನೇರ ಲೆನ್ಸನ್ನೇ ನೋಡುತ್ತಾರೆ, ಅಂದರೆ ನಮ್ಮನ್ನೇ. ಅವಳು ನೋಡುವುದು ಲೆನ್ಸಿನ ಪಕ್ಕಕ್ಕೆ. ಹಾಗಾಗಿ ದಿಟ್ಟಿಸಿ ನೋಡಿಸಿಕೊಳ್ಳುವ ಮುಜುಗರ ಅವಳದ್ದಲ್ಲ, ನಮ್ಮದೇ ಆಗುತ್ತದೆ. ಒಂದು ಮಾತಿಲ್ಲದೆ ಆ ಹುಡುಗಿಯ ಕೆಲಸದ ಕಷ್ಟ ಅರ್ಥವಾಗುತ್ತದೆ.

ಎರಡನೆಯದು ಯಾರು ಬೇಕಾದರೂ ಮಾಡಬಹುದಾದದ್ದು. ಅಡುಗೆಮನೆಯಲ್ಲಿ ನಿಂತವಳನ್ನು ಚೌಕಟ್ಟಿನ ಒಂದು ಮೂಲೆಗೆ ಸರಿಸಿ, ಅವಳ ಬೆನ್ನ ಹಿಂದೆ ಕತ್ತಲೆ ಬಾಗಿಲನ್ನು ಖಾಲಿ ಬಿಡಿ. ಏನೂ ಬರುವುದು ಬೇಡ, ನೋಡುವವರು ತಾವೇ ಅಲ್ಲಿ ಒಬ್ಬನನ್ನು ತಂದು ನಿಲ್ಲಿಸಿಕೊಳ್ಳುತ್ತಾರೆ.

ಮೂರನೆಯದಕ್ಕೆ ಜಾಸ್. ಜನರನ್ನು ತಿನ್ನುವ ಶಾರ್ಕಿನ ಕಥೆ, 1975ರ ಸಿನಿಮಾ. ಯಂತ್ರದ ಶಾರ್ಕ್ ಸಮುದ್ರದ ನೀರಿನಲ್ಲಿ ಪದೇ ಪದೇ ಕೆಟ್ಟು ನಿಲ್ಲುತ್ತಿತ್ತು. ನಿರ್ದೇಶಕ ಸ್ಪೀಲ್‌ಬರ್ಗ್ ಅದನ್ನು ಸರಿಯಾಗಿ ತೋರಿಸದೆಯೇ ಅರ್ಧಕ್ಕಿಂತ ಜಾಸ್ತಿ ಸಿನಿಮಾ ಓಡಿಸಬೇಕಾಯಿತು. ನೀರಿನ ಮೇಲ್ಮೈ, ಒಂದು ಸಂಗೀತದ ತುಣುಕು, ಎಳೆದುಕೊಂಡು ಹೋಗುವ ಪೀಪಾಯಿ, ಇಷ್ಟೇ. ಶಾರ್ಕ್ ಸರಿಯಾಗಿ ಕೆಲಸ ಮಾಡಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಮುಖ ಹಾಗೇ ಇರುತ್ತೆ, ಹಿಂದಿನ ಗೋಡೆ ಮಾತ್ರ ದೂರ ಓಡಿಹೋದ ಹಾಗೆ ಆಗುತ್ತಲ್ಲ, ಅದು ಗ್ರಾಫಿಕ್ಸಾ?

ಅಲ್ಲ. ಕ್ಯಾಮೆರಾವನ್ನು ಟ್ರಾಲಿಯ ಮೇಲೆ ಮುಂದಕ್ಕೆ ತಳ್ಳುತ್ತಾ, ಅದೇ ಹೊತ್ತಿಗೆ ಲೆನ್ಸನ್ನು ಝೂಮ್ ಔಟ್ ಮಾಡುತ್ತಾರೆ. ಎರಡೂ ಸರಿತೂಗಿದರೆ ಮುಖದ ಅಳತೆ ಬದಲಾಗುವುದಿಲ್ಲ, ಹಿಂದಿನದೆಲ್ಲ ಹಿಗ್ಗಿ ದೂರ ಸರಿಯುತ್ತದೆ. ಉಲ್ಟಾ ಮಾಡಿದರೆ ಹಿಂದಿನದು ಮೇಲೆ ಬಿದ್ದ ಹಾಗೆ ಆಗುತ್ತದೆ. 1958ರ ವರ್ಟಿಗೋದಲ್ಲಿ ಎತ್ತರದ ಭಯ ತೋರಿಸಲು ಇದನ್ನು ಬಳಸಿದರು. ಜಾಸ್‌ನಲ್ಲಿ ಬೀಚಿನಲ್ಲಿ ಕೂತ ಪೊಲೀಸ್ ಅಧಿಕಾರಿಯ ಮುಖದ ಮೇಲೆ ಮತ್ತೆ ಬಂತು.

ಸಿನಿಮಾದಲ್ಲಿ ಒಂದು ಸಲ ಮಾತ್ರ ಬಳಸಿ. ಪಾತ್ರಕ್ಕೆ ಏನೋ ದೊಡ್ಡದು ಹೊಳೆದ ಕ್ಷಣಕ್ಕೆ ಇಟ್ಟುಕೊಳ್ಳಿ. ಟೀ ಕುಡಿಯುವ ಸೀನಿಗೂ ಇದನ್ನು ಹಾಕಿದ್ದನ್ನು ನೋಡಿದ್ದೇನೆ, ಆ ಟೀಯಲ್ಲಿ ಏನಿತ್ತೋ ದೇವರಿಗೇ ಗೊತ್ತು.

ಕ್ಯಾಮೆರಾ ಅಲ್ಲಾಡಿಸಿದ್ರೆ ಟೆನ್ಷನ್ ಬರುತ್ತೆ ಅಂತಾರೆ, ನಿಜಾನಾ?

ಅಲ್ಲಾಡದೆ ಇದ್ದದ್ದು ಅಲ್ಲಾಡಿದಾಗ ಬರುತ್ತದೆ. ಮೊದಲಿಂದ ಕೊನೆ ತನಕ ಅಲ್ಲಾಡಿದರೆ ತಲೆನೋವು ಬರುತ್ತದೆ.

ಕಟ್ ಇಲ್ಲದ ಉದ್ದ ಶಾಟ್ ಒಳ್ಳೇದಾ, ಫಟಾಫಟ್ ಕಟ್ ಒಳ್ಳೇದಾ?

ಎರಡನ್ನೂ ಒಬ್ಬರೇ ಮಾಡಿ ತೋರಿಸಿದ್ದಾರೆ. 1948ರ ರೋಪ್‌ನಲ್ಲಿ ಹಿಚ್‌ಕಾಕ್ ಆದಷ್ಟು ಉದ್ದ ಶಾಟುಗಳಲ್ಲೇ ಕಥೆ ಹೇಳಿದರು. ಆಗ ಕ್ಯಾಮೆರಾದೊಳಗಿನ ಒಂದು ರೀಲು ಸುಮಾರು 10 ನಿಮಿಷಕ್ಕೆ ಮುಗಿಯುತ್ತಿತ್ತು. ಹಾಗಾಗಿ ಕೆಲವು ಕಡೆ ಯಾರದೋ ಬೆನ್ನಿನ ಹತ್ತಿರ ಹೋಗಿ ಪರದೆ ಕಪ್ಪಾದಾಗ ರೀಲು ಬದಲಿಸಿದರು. ಹೆಣ ಇಟ್ಟ ಪೆಟ್ಟಿಗೆಯ ಮೇಲೆ ಊಟ ಬಡಿಸಿದ್ದಾರೆ, ಶುರುವಿನ ಬೀದಿಯ ಶಾಟ್ ಆದಮೇಲೆ ಕ್ಯಾಮೆರಾ ಆ ಮನೆ ಬಿಟ್ಟು ಹೋಗುವುದೇ ಇಲ್ಲ, ನಮಗೂ ತಪ್ಪಿಸಿಕೊಳ್ಳಲು ದಾರಿ ಇಲ್ಲ.

ಸೈಕೋದ ಸ್ನಾನದ ಕೋಣೆಯಲ್ಲಿ ಅದೇ ಮನುಷ್ಯ ಒಂದು ನಿಮಿಷದೊಳಗೆ ಹತ್ತಾರು ತುಂಡು ಮಾಡಿಹಾಕಿದರು. ಚಾಕು ಮೈಗೆ ಇಳಿಯುವುದನ್ನು ನೋಡಿದೆ ಅಂತ ಜನ ಆಣೆ ಮಾಡುತ್ತಾರೆ, ಪರದೆಯ ಮೇಲೆ ಅದು ಇಲ್ಲವೇ ಇಲ್ಲ ಅನ್ನಬಹುದು. ಕಪ್ಪುಬಿಳುಪಿನಲ್ಲಿ ಹರಿಯುವ ರಕ್ತ ಚಾಕೊಲೇಟ್ ಸಿರಪ್. ಕತ್ತರಿಸಿದ್ದು ಎಡಿಟಿಂಗ್, ಚುಚ್ಚಿದ್ದು ಸಂಗೀತ ಕೊಟ್ಟ ಬರ್ನಾರ್ಡ್ ಹರ್ಮನ್ ಅವರ ಪಿಟೀಲು.

ನನ್ನ ಲೆಕ್ಕ ಹೀಗೆ: ನೋಡುವವರಿಗೆ ಅಪಾಯ ಮೊದಲೇ ಗೊತ್ತಿದ್ದರೆ ಉದ್ದ ಶಾಟ್ ಇಡಿ, ಒದ್ದಾಡಲಿ. ಅಪಾಯ ಬಂದೇಬಿಟ್ಟಾಗ ಕಟ್ ಮಾಡಿ.

ಮೊಬೈಲಲ್ಲೇ ಥ್ರಿಲ್ಲರ್ ಶೂಟ್ ಮಾಡ್ಬಹುದಾ? ರಾತ್ರಿ ಸೀನ್ ಗಲೀಜಾಗಿ ಬರುತ್ತೆ.

ಧಾರಾಳವಾಗಿ. ಫೋನು ತನ್ನಷ್ಟಕ್ಕೆ ಬೆಳಕು, ಫೋಕಸ್ ಬದಲಿಸುವುದನ್ನು ಮೊದಲು ನಿಲ್ಲಿಸಿ. ಪರದೆಯ ಮೇಲೆ ಒತ್ತಿಹಿಡಿದರೆ ಎರಡೂ ಲಾಕ್ ಆಗುತ್ತವೆ. ನಮ್ಮ ಕರೆಂಟು 50 ಹರ್ಟ್ಸ್. ಅದಕ್ಕೆ ಶಟರ್ ವೇಗವನ್ನು ಐವತ್ತನೇ ಒಂದು ಅಥವಾ ನೂರನೇ ಒಂದು ಸೆಕೆಂಡಿಗೆ ಇಟ್ಟರೆ ಟ್ಯೂಬ್‌ಲೈಟ್ ಮಿಣಮಿಣ ಅನ್ನುವುದು ಬಹುಪಾಲು ತಪ್ಪುತ್ತದೆ. ಕತ್ತಲೆ ಅಂದರೆ ಬೆಳಕಿಲ್ಲ ಅಂತ ಅಲ್ಲ. ಚೌಕಟ್ಟಿನೊಳಗೇ ಒಂದು ಬೆಳಕಿನ ಮೂಲ ಇರಲಿ: ಬೀಡಾ ಅಂಗಡಿಯ ಬಲ್ಬು, ದೇವರ ದೀಪ, ತೆರೆದ ಫ್ರಿಡ್ಜು. ಮುಖಕ್ಕೆ ಒಂದು ಪಕ್ಕದಿಂದ ಬೆಳಕು ಬೀಳಲಿ. ಬೀದಿಯ ಸೀನಾದರೆ ಸೂರ್ಯ ಮುಳುಗಿದ ಮೇಲೆ ಆಕಾಶದಲ್ಲಿ ಇನ್ನೂ ನೀಲಿ ಉಳಿದಿರುವಾಗ ತೆಗೆಯಿರಿ. ಹೊತ್ತು ಕಡಿಮೆ ಸಿಗುತ್ತದೆ, ಮಧ್ಯಾಹ್ನವೇ ರಿಹರ್ಸಲ್ ಮುಗಿಸಿ.

## ಜಾಗದ ಬಗ್ಗೆ

ಥ್ರಿಲ್ಲರ್ ಅಂದ್ರೆ ಮಳೆ, ಮಂಜು, ಮಲೆನಾಡು ಇರ್ಬೇಕು. ನಮ್ಮ ಕಡೆ ಬರೀ ಬಿಸಿಲು, ಬಯಲು. ಏನ್ ಮಾಡೋಣ?

ಈ ಪ್ರಶ್ನೆ ಬಂದಷ್ಟು ಇನ್ನು ಯಾವುದೂ ಬಂದಿಲ್ಲ. ಕೇಳಿದವರಲ್ಲಿ ಚಳ್ಳಕೆರೆ, ಜಗಳೂರಿನವರೇ ಜಾಸ್ತಿ.

ಮಂಜು, ಮಳೆ ಮಾಡುವ ಕೆಲಸ ಏನು? ಕಣ್ಣಿಗೆ ಅಡ್ಡ ಬರುವುದು. ಅಪಾಯ ಎಲ್ಲಿದೆ ಗೊತ್ತಾಗುವುದಿಲ್ಲ. ಬಯಲು ಮಾಡುವುದು ಇದರ ಉಲ್ಟಾ: ಅಪಾಯ ಎರಡು ಕಿಲೋಮೀಟರ್ ದೂರದಿಂದ ಬರುವುದು ಕಾಣುತ್ತದೆ, ಬಚ್ಚಿಟ್ಟುಕೊಳ್ಳಲು ಒಂದು ಜಾಲಿ ಗಿಡವೂ ಇಲ್ಲ. 1959ರ ನಾರ್ತ್ ಬೈ ನಾರ್ತ್‌ವೆಸ್ಟ್‌ನಲ್ಲಿ ಹಿಚ್‌ಕಾಕ್ ಇದನ್ನು ಬೇಕಂತಲೇ ಮಾಡಿದರು. ಕೊಲ್ಲಲು ಕರೆಸುವ ಜಾಗ ಅಂದರೆ ಕತ್ತಲೆ ಗಲ್ಲಿ, ದೀಪದ ಕಂಬ ಅನ್ನುವ ಹಳೆಯ ಪದ್ಧತಿ ಬಿಟ್ಟು, ನಾಯಕನನ್ನು ಹಾಡುಹಗಲಲ್ಲಿ ಬಟಾಬಯಲಿನ ಬಸ್ ಸ್ಟಾಪಿನಲ್ಲಿ ಇಳಿಸಿದರು. ಎಷ್ಟೋ ಹೊತ್ತು ಏನೂ ಆಗುವುದಿಲ್ಲ. ಒಂದು ಕಾರು ಬರುತ್ತದೆ, ಹೋಗುತ್ತದೆ. ದೂರದಲ್ಲಿ ಹೊಲಕ್ಕೆ ಔಷಧಿ ಹೊಡೆಯುವ ವಿಮಾನ. ಬೆಳೆಯೇ ಇಲ್ಲದ ಕಡೆ ಯಾಕೆ ಔಷಧಿ ಹೊಡೆಯುತ್ತಿದೆ ಅಂತ ಪಕ್ಕದಲ್ಲಿ ನಿಂತವನು ಹೇಳಿದಾಗ ನಮ್ಮ ಬೆನ್ನು ಚುರುಕ್ ಅನ್ನುತ್ತದೆ. 2007ರ ನೋ ಕಂಟ್ರಿ ಫಾರ್ ಓಲ್ಡ್ ಮೆನ್ ಕೂಡ ಟೆಕ್ಸಸ್ ಒಣನೆಲದ ಸಿನಿಮಾ. ಹಿನ್ನೆಲೆ ಸಂಗೀತ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಗಾಳಿ ಮತ್ತು ಹೆಜ್ಜೆ ಸದ್ದೇ ಸಾಕಾಗಿದೆ.

ಈಗ ನಮ್ಮದನ್ನು ನೋಡಿ. ದುರ್ಗದ ಸುತ್ತಲಿನ ಗುಡ್ಡಗಳ ಮೇಲೆ ಸಾಲು ಗಾಳಿಯಂತ್ರಗಳು. ಹತ್ತಿರ ಹೋಗಿ ನಿಂತರೆ ರೆಕ್ಕೆ ತಿರುಗುವ ಹೂಂ ಅನ್ನುವ ಸದ್ದು, ನೆಲದ ಮೇಲೆ ಓಡಾಡುವ ಅದರ ನೆರಳು. ಆ ನೆರಳು ಒಬ್ಬಳ ಮುಖದ ಮೇಲೆ ಹಾದು ಹಾದು ಹೋದರೆ ಸಾಕು, ಲೈಟಿಂಗ್ ಖರ್ಚೇ ಇಲ್ಲ. ಮಧ್ಯಾಹ್ನದ ನೆತ್ತಿ ಬಿಸಿಲು ಕಣ್ಣಿನ ಗುಳಿಗಳನ್ನು ಕಪ್ಪು ಮಾಡುತ್ತದೆ. ಬೇರೆಯವರು ಇದನ್ನು ಕೆಟ್ಟ ಬೆಳಕು ಅನ್ನುತ್ತಾರೆ, ನಿಮಗೆ ಅದೇ ಬೇಕು. ಹೈವೇ ಪಕ್ಕದ ಡಾಬಾ, ಮೈಲಿಗಟ್ಟಲೆ ನೇರ ರಸ್ತೆ, ಹಿಂದೆ ಬರುತ್ತಿರುವ ಲಾರಿ ಓವರ್‌ಟೇಕ್ ಮಾಡುತ್ತಿಲ್ಲ ಯಾಕೆ? ಮಲೆನಾಡಿಗೆ ಹೋಗುವ ಬಸ್ ಚಾರ್ಜ್ ಉಳಿಸಿ.

ದುರ್ಗದ ಕೋಟೆಯಲ್ಲಿ ತೆಗೆದ್ರೆ ಸೂಪರ್ ಆಗಿರುತ್ತಲ್ವಾ?

ಆಗಬಹುದು, ಆದರೆ ಎಲ್ಲರೂ ಬೀಳುವ ಗುಂಡಿ ಒಂದಿದೆ. ಕೋಟೆ ಸಿಕ್ಕ ಕೂಡಲೇ ವೈಡ್ ಶಾಟ್ ತೆಗೆಯುತ್ತಾರೆ, ಪ್ರವಾಸೋದ್ಯಮದ ಜಾಹೀರಾತಾಗುತ್ತದೆ. ಆ ಕೋಟೆ ಕಟ್ಟಿದವರು ಒಳಬರುವವನಿಗೆ ಮುಂದೇನಿದೆ ಅಂತ ಗೊತ್ತಾಗಬಾರದು ಅಂತಲೇ ಕಟ್ಟಿದ್ದಾರೆ. ಏಳು ಸುತ್ತು ಗೋಡೆ, ನೇರ ಹೋಗದೆ ತಿರುಗಿ ತಿರುಗಿ ಸಾಗುವ ಬಾಗಿಲುಗಳು, ಮೇಲಿನಿಂದ ಕಾಯುವವನಿಗೆ ಕೆಳಗಿನವನು ಕಾಣುತ್ತಾನೆ, ಕೆಳಗಿನವನಿಗೆ ಮೇಲಿನವನು ಕಾಣುವುದಿಲ್ಲ. ಥ್ರಿಲ್ಲರಿನ ಲೆಕ್ಕವನ್ನೇ ಕಲ್ಲಿನಲ್ಲಿ ಕಟ್ಟಿಟ್ಟಿದ್ದಾರೆ. ಹಾಗಾಗಿ ಕ್ಯಾಮೆರಾವನ್ನು ಎದೆಯ ಎತ್ತರದಲ್ಲಿ ಇಟ್ಟು ಪಾತ್ರದ ಬೆನ್ನ ಹಿಂದೆ ನಡೆಯಿರಿ, ತಿರುವು ಬಂದಾಗ ಪಾತ್ರಕ್ಕಿಂತ ಮುಂದೆ ಹೋಗಬೇಡಿ. ಒಂದೇ ಒಂದು ಸಲ ಮೇಲಿನಿಂದ ತೋರಿಸಿ. ನೋಡುತ್ತಿರುವವರು ಯಾರೋ ಇದ್ದಾರೆ ಅಂತ ನಮಗೆ ಗೊತ್ತಾಯಿತು, ಅವಳಿಗೆ ಗೊತ್ತಿಲ್ಲ.

ಕೋಟೆ ಇರುವುದು ಭಾರತೀಯ ಪುರಾತತ್ವ ಇಲಾಖೆಯ ಕೈಯಲ್ಲಿ. ಶೂಟಿಂಗಿಗೆ ಮೊದಲೇ ಅನುಮತಿ ಬೇಕು. ಫೋನ್ ತಾನೇ ಅಂತ ಟ್ರೈಪಾಡ್ ಬಿಚ್ಚಿ ನಿಲ್ಲಿಸಬೇಡಿ.

ದಾವಣಗೆರೆಯಲ್ಲಿ ಬೆಣ್ಣೆದೋಸೆ ಬಿಟ್ರೆ ತೋರ್ಸೋಕೆ ಏನಿದೆ?

ಮಂಡಕ್ಕಿ ಭಟ್ಟಿಗಳ ಕಡೆ ಒಮ್ಮೆ ಹೋಗಿಬನ್ನಿ. ಕಾದ ಮರಳು, ಹೊಗೆ, ಮಸಿ ಹಿಡಿದ ಗೋಡೆ, ತೂತಿನಿಂದ ಕೋಲಿನ ಹಾಗೆ ಬೀಳುವ ಬೆಳಕು. ಆ ಹೊಗೆಯೊಳಗೆ ಬರುತ್ತಿರುವವನು ಮಾಲೀಕನೋ ಬೇರೆಯವನೋ ಹತ್ತಿರ ಬರುವ ತನಕ ಗೊತ್ತಾಗುವುದಿಲ್ಲ. ಬಟ್ಟೆ ಗಿರಣಿಗಳ ಊರು ಅಂತ ಹೆಸರು ಮಾಡಿ, ಗಿರಣಿ ಮುಚ್ಚಿದ ಮೇಲೆ ಉಳಿದ ಬದುಕುಗಳಿವೆ. ಅಲ್ಲಿಂದ ಬಂದ ಪಾತ್ರಕ್ಕೆ ದುಡ್ಡಿನ ಅವಸರ ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ದಿನಾ ನೋಡುವ ಜಾಗ ಬೇಜಾರು ಅಂದುಕೊಳ್ಳಬೇಡಿ. 2016ರ ಯು ಟರ್ನ್ ನಿಂತಿರುವುದು ಬೆಂಗಳೂರಿನ ಒಂದು ಫ್ಲೈಓವರಿನ ಮೇಲೆ, ಜನ ಡಿವೈಡರಿನ ಕಲ್ಲು ಸರಿಸಿ ಗಾಡಿ ತಿರುಗಿಸುವ ಒಂದು ಸಣ್ಣ ತಪ್ಪಿನ ಮೇಲೆ. ಲಕ್ಷಾಂತರ ಜನ ಓಡಾಡುವ ಜಾಗ, ಯಾರಿಗೂ ಅದರಲ್ಲಿ ಕಥೆ ಕಂಡಿರಲಿಲ್ಲ. ಬೆಣ್ಣೆದೋಸೆ ಹೋಟೆಲನ್ನೂ ಬಿಡಬೇಡಿ. ಪಕ್ಕದಲ್ಲಿ ಕೂತವನು ಯಾರು ಅಂತ ಕೇಳದೆ ಟೇಬಲ್ ಹಂಚಿಕೊಳ್ಳುವ ಜಾಗ ಅದು.

ಒಂದೇ ಮನೆಯೊಳಗೆ ಪೂರ್ತಿ ಸಿನಿಮಾ ಮಾಡಿದ್ರೆ ಬೋರ್ ಆಗಲ್ವಾ?

2018ರ ಆ ಕರಾಳ ರಾತ್ರಿ ಒಂದು ಮನೆ, ಒಂದು ರಾತ್ರಿಯಲ್ಲಿ ನಡೆಯುವ ಕಥೆ. ಮನೆಯ ನಕ್ಷೆ ನೋಡುವವರ ತಲೆಯಲ್ಲಿ ಕೂತರೆ ಬೋರ್ ಆಗುವುದಿಲ್ಲ. ಶುರುವಿನಲ್ಲೇ ಯಾರೋ ನೀರು ತರಲು ಹಿತ್ತಿಲಿಗೆ ಹೋಗಲಿ, ಮಗು ಅಟ್ಟ ಹತ್ತಲಿ, ಬಚ್ಚಲಿನ ಚಿಲಕ ಕೆಟ್ಟಿದೆ ಅಂತ ಗೊಣಗಲಿ. ಆಮೇಲೆ ಬಾಗಿಲು ಬಡಿದ ಸದ್ದು ಬಂದಾಗ ಯಾವ ಬಾಗಿಲು ಅಂತ ನಮಗೆ ಗೊತ್ತಿರುತ್ತದೆ.

## ಸ್ವಲ್ಪ ಒಳಗೆ ಹೋದವರಿಗೆ

ಕೆಟ್ಟವನ ಪರವಾಗಿಯೂ ನನಗೆ ಟೆನ್ಷನ್ ಆಗುತ್ತೆ. ನನ್ನಲ್ಲೇ ಏನಾದ್ರೂ ತಪ್ಪಿದೆಯಾ?

ನಿಮ್ಮಲ್ಲಲ್ಲ, ನಿರ್ದೇಶಕರ ಕೈಚಳಕದಲ್ಲಿ. ಸೈಕೋದಲ್ಲಿ ಮೋಟೆಲ್ ನಡೆಸುವ ನಾರ್ಮನ್, ಕೊಲೆಯಾದ ಆ ಹುಡುಗಿಯ (ಜಾನೆಟ್ ಲೀ ಪಾತ್ರ) ಕಾರನ್ನು ಕೆಸರಿನ ಹೊಂಡಕ್ಕೆ ತಳ್ಳುತ್ತಾನೆ. ಮುಳುಗುತ್ತಾ ಮುಳುಗುತ್ತಾ ಕಾರು ಒಂದು ಕ್ಷಣ ನಿಂತುಬಿಡುತ್ತದೆ. ಅಯ್ಯೋ, ಮುಳುಗಲಿ ಅಂತ ನಮ್ಮ ಮನಸ್ಸು ಹೇಳುತ್ತದೆ! ಸ್ವಲ್ಪ ಹೊತ್ತಿನ ಹಿಂದೆ ಅವಳಿಗಾಗಿ ಮರುಗಿದವರು ನಾವೇ. ನಾಯಕಿ ಹೋದ ಮೇಲೆ ಕ್ಯಾಮೆರಾ ನಾರ್ಮನ್ ಜೊತೆಗೆ ಉಳಿದಿತ್ತು, ಅವನು ಬಚ್ಚಲು ತೊಳೆಯುವುದನ್ನು ಪೂರ್ತಿ ತೋರಿಸಿತ್ತು. ಯಾರಾದರೂ ಕಷ್ಟಪಟ್ಟು ಒಂದು ಕೆಲಸ ಮಾಡುವುದನ್ನು ಹತ್ತಿರದಿಂದ ನೋಡುತ್ತಾ ಕೂತರೆ ಅದು ಮುಗಿಯಲಿ ಅನ್ನಿಸುತ್ತದೆ. ನೀತಿ ಆಮೇಲೆ ನೆನಪಾಗುತ್ತದೆ. ನೋಡುವವರು ಯಾರ ಪಕ್ಷ ಅನ್ನುವುದನ್ನು ಬಹಳ ಸಲ ತೀರ್ಮಾನ ಮಾಡುವುದು ಅವರ ಗುಣ ಅಲ್ಲ, ಕ್ಯಾಮೆರಾ ಯಾರ ಪಕ್ಕ ನಿಂತಿದೆ ಅನ್ನುವುದು.

ಫ್ಲ್ಯಾಶ್‌ಬ್ಯಾಕಲ್ಲಿ ಸುಳ್ಳು ತೋರಿಸೋದು ಮೋಸ ಅಲ್ವಾ?

1950ರ ಸ್ಟೇಜ್ ಫ್ರೈಟ್‌ನಲ್ಲಿ ಹಿಚ್‌ಕಾಕ್ ಹಾಗೆ ಮಾಡಿ ಬೈಸಿಕೊಂಡರು. ಪಾತ್ರ ಬಾಯಲ್ಲಿ ಸುಳ್ಳು ಹೇಳಿದರೆ ಜನ ಒಪ್ಪುತ್ತಾರೆ, ಕ್ಯಾಮೆರಾ ಸುಳ್ಳು ಹೇಳಿದರೆ ಸಿಟ್ಟಾಗುತ್ತಾರೆ. ಆದರೆ ಇದು ಇಂಥವನು ಕಂಡ ಹಾಗೆ ಅಂತ ಮೊದಲೇ ಒಪ್ಪಂದ ಆಗಿದ್ದರೆ ಮೋಸ ಅಲ್ಲ. ಅದೇ 1950ರ ಜಪಾನಿನ ರಾಶೋಮನ್‌ನಲ್ಲಿ ಒಂದೇ ಘಟನೆಯನ್ನು ಹಲವರು ಹಲವು ಥರ ಹೇಳುತ್ತಾರೆ. ನಮ್ಮ ಕನ್ನಡದ ಸಿನಿಮಾ ‘ಉಳಿದವರು ಕಂಡಂತೆ’ ಹೆಸರಿನಲ್ಲೇ ಆ ಒಪ್ಪಂದ ಮಾಡಿಕೊಂಡಿದೆ. ಟ್ವಿಸ್ಟಿಗೂ ಇದೇ ಪರೀಕ್ಷೆ. ಹಿಂದಕ್ಕೆ ಹೋಗಿ ನೋಡಿದರೆ ಸುಳಿವು ಅಲ್ಲೇ ಇರಬೇಕು, ನಾವು ಬೇರೆ ಕಡೆ ನೋಡುತ್ತಿದ್ದೆವು ಅಷ್ಟೇ ಅನ್ನಿಸಬೇಕು.

ಪಾತ್ರ, ಕ್ಯಾಮೆರಾ, ಜಾಗ ಮೂರೂ ಸೇರಿಸಿ ಒಂದು ಸೀನ್ ಹೇಗೆ ಕಟ್ಟೋದು? ನಮ್ಮೂರಿನದೇ ಒಂದು ಹೇಳಿ.

ರೈಲ್ವೆ ಗೇಟ್ ತಗೊಳ್ಳೋಣ. ದಾವಣಗೆರೆಯ ಅಶೋಕ ಟಾಕೀಸ್ ಗೇಟಿನಲ್ಲಿ ಕಾದು ಬೆಳೆದ ಊರಿನವರಿಗೆ ಗೇಟಿನ ಸಂಕಟ ಬಿಡಿಸಿ ಹೇಳಬೇಕಿಲ್ಲ. ಒಬ್ಬಳು ನರ್ಸು ಸ್ಕೂಟಿಯಲ್ಲಿ ಬರುತ್ತಾಳೆ. ಡ್ಯೂಟಿಗೆ ಈಗಾಗಲೇ ತಡ, ಮೊಬೈಲ್ ಚಾರ್ಜ್ ಇಲ್ಲ. ಗೇಟ್ ಬಿತ್ತು. ಇಲ್ಲಿಯ ತನಕ ಬರೀ ದಿನನಿತ್ಯದ ಕಿರಿಕಿರಿ.

ಈಗ ಅವಳ ಹಿಂದೆ ಎರಡು ಗಾಡಿ ಬಿಟ್ಟು ಹೆಲ್ಮೆಟ್ ಹಾಕಿದವನೊಬ್ಬ. ನೆನ್ನೆ ರಾತ್ರಿ ಆಸ್ಪತ್ರೆಯಲ್ಲಿ ಅವಳು ಏನೋ ನೋಡಿದ್ದಾಳೆ, ಅವನಿಗೆ ಅದು ಗೊತ್ತಾಗಿದೆ ಅಂತ ನಮಗೆ ಹಿಂದಿನ ಸೀನಿನಲ್ಲೇ ತೋರಿಸಿಯಾಗಿದೆ. ಅವಳಿಗೆ ಗೊತ್ತಿಲ್ಲ. ಕ್ಯಾಮೆರಾ ಅವಳ ಮುಖದ ಮುಂದೆ ಇರಲಿ, ಅವಳ ಭುಜದ ಮೇಲೆ ಆ ಹೆಲ್ಮೆಟ್ ಮಸುಕಾಗಿ ಕಾಣಲಿ. ಕಟ್ ಮಾಡಬೇಡಿ. ಪಕ್ಕದ ಆಟೋದವನು ಬೀಡಿ ಹಚ್ಚುತ್ತಾನೆ, ಶೇಂಗಾ ಮಾರುವ ಹುಡುಗ ಹಾದುಹೋಗುತ್ತಾನೆ. ಹುಡುಗ ಚೌಕಟ್ಟನ್ನು ದಾಟಿದಾಗ ಹೆಲ್ಮೆಟ್ ಒಂದು ಗಾಡಿಯಷ್ಟು ಹತ್ತಿರ ಬಂದಿದೆ. ಅವಳು ಕನ್ನಡಿ ಸರಿಮಾಡಿಕೊಳ್ಳುತ್ತಾಳೆ. ಈಗ ಮಾತ್ರ ಕಟ್ ಮಾಡಿ ಕನ್ನಡಿಯನ್ನು ಅವಳ ಕಣ್ಣಿನಿಂದ ತೋರಿಸಿ. ಅವಳಿಗೂ ಗೊತ್ತಾಯಿತು. ಮುಂದೆ ಗೇಟು, ಅಕ್ಕಪಕ್ಕ ಒತ್ತಿ ನಿಂತ ಗಾಡಿಗಳು, ನೂರು ಜನರ ಮಧ್ಯೆ ಒಬ್ಬಳೇ.

ರೈಲು ಬಂತು. ಗೂಡ್ಸ್ ಗಾಡಿ ಇರಲಿ, ಬೋಗಿ ಮುಗಿಯುವುದೇ ಇಲ್ಲ. ಆ ಸದ್ದಿನಲ್ಲಿ ಕಿರುಚಿದರೂ ಯಾರಿಗೂ ಕೇಳಿಸುವುದಿಲ್ಲ. ಇಲ್ಲಿ ಸಂಗೀತ ಹಾಕುವ ಆಸೆ ಬರುತ್ತದೆ, ಹಾಕಬೇಡಿ. ಕೊನೆಯ ಬೋಗಿ ದಾಟಿ ಸದ್ದು ನಿಂತಾಗ ಅವಳ ಸ್ಕೂಟಿ ಅಲ್ಲೇ ಇದೆ, ಅವಳಿಲ್ಲ. ಹೆಲ್ಮೆಟ್ಟಿನವನೂ ಹುಡುಕುತ್ತಿದ್ದಾನೆ. ಅಂದರೆ ಇಷ್ಟು ಹೊತ್ತು ಅವಳಿಗಿಂತ ಜಾಸ್ತಿ ಗೊತ್ತಿದ್ದ ನಮಗೂ ಈಗ ಅವನಷ್ಟೇ ಗೊತ್ತು.

ನಿಜವಾಗಿ ತೆಗೆಯುವುದಾದರೆ ರೈಲ್ವೆಯವರ ಅನುಮತಿ ಇಲ್ಲದೆ ಹಳಿಯ ಹತ್ತಿರ ಕ್ಯಾಮೆರಾ ಇಡಬೇಡಿ. ಈ ಸೀನಿಗೆ ಹಳಿ ಕಾಣುವುದೇ ಬೇಕಾಗಿಲ್ಲ. ಒಂದು ಓಣಿಯಲ್ಲಿ ನಾಲ್ಕು ಗಾಡಿ ನಿಲ್ಲಿಸಿ, ಕೆಂಪು-ಬಿಳಿ ಬಣ್ಣ ಹಚ್ಚಿದ ಬಿದಿರು ಅಡ್ಡ ಹಿಡಿಸಿ, ಸದ್ದನ್ನು ಬೇರೆ ರೆಕಾರ್ಡ್ ಮಾಡಿ ಸೇರಿಸಿ. ಶೇಂಗಾ ಹುಡುಗನಿಗೆ ದುಡ್ಡು ಕೊಡುವುದು ಮರೆಯಬೇಡಿ.